ಬೆಳ್ಳಿಗೆ ಬಿದ್ದ ಉಪ್ಪು

ನಗಬ್ಯಾಡ್ರಿ ಅನ್ನಮ್ಮ ಸಿಸ್ಟರ್! ಖರೇನ ಹೇಳಾಕತ್ತೀನಿ. ಬೆಳ್ಳಿ ಅಂದ್ರ ಏನಂತ ಈ ವೀರಭದ್ರಪ್ಪಗ ಹೇಳಿಕೊಡ್ತೀರೇನು? ಇಲ್ಲೇ ಕುಷಾಯಿಗೂಡದ ಫ್ಯಾಕ್ಟರ್ಯಾಗ ಮೂವತ್ತೊಂದು ವರ್ಷ ತಾಮ್ರಕ್ಕ ಬೆಳ್ಳಿ ಲೇಪ ಹಚ್ಚೀನಿ!

ಮೆಲ್ಲಕ ಬಿಚ್ಚರಿ ಪಟ್ಟಿ. ಶೋಭಾಗ ಈಗರೆ ನಿದ್ದಿ ಹತ್ತೈತಿ. ಸಕ್ಕರಿ ರೋಗದ ಕಾಲು, ಮುಟ್ಟಿದ್ದು ಗೊತ್ತಾಗಂಗಿಲ್ಲ ಖರೆ... ನನ್ನ ಮನಿಯಾಕಿ ಅಲ್ಲೇನ್ರೀ, ನೋಡಿ ನನಗ ತಡಿಯಂಗಿಲ್ಲ.

ಈ ಪಟ್ಟ್ಯಾಗಿನ ಬೆಳ್ಳಿ ಕಣ ಐತಲ್ಲ, ಒಂದ ಕೂದಲ ಸಾವಿರ ಸೀಳು ಮಾಡಿದ್ರೂ ಅದಕ್ಕಿಂತ ಸಣ್ಣು! ಒದ್ದಿ ಆತಂದ್ರ ಅದರಿಂದ ಬೆಳ್ಳಿ ಹೊರಗ ಬರತೈತಿ. ಕೀಟಾಣುವಿನ ಗ್ವಾಡಿಗೆ ಅಂಟಿ ತೂತು ಕೊರೀತೈತಿ, ಒಳಗ ಹೊಕ್ಕು ಅದರ ಕೆಲಸಾನೆಲ್ಲಾ ಕೆಡಿಸತೈತಿ, ಪಿಳ್ಳಿ ಹುಟ್ಟದಂಗ ಮಾಡತೈತಿ. ಹೌದಲ್ಲ? ಡಾಕ್ಟರ್ ಸಾಬ್ರೇ ಹೇಳಿದ್ದು. ಹಂಗಿದ್ರ ಎಂಟು ದಿನದಾಗ ಗಾಯ ಮಾಯೋದು ಬಿಟ್ಟು ಯಾಕ ಕೆಟ್ಟಿತು? ನಾಳೆ ಡಾಕ್ಟರ್ ನೋಡಿ ಕಾಲಬೆರಳ ತಗೀತಾರೋ, ಬಿಡ್ತಾರೋ...

ಅಯ್ಯ, ನಿಮಗಲ್ರೀ ನಾ ಅಂದಿದ್ದು! ಏನು, ಆ ಕಂಪ್ಲೇಂಟಾ? ... ನಿಮ್ಮ ಆಫೀಸಿಗೆ ಬರದೆ. ಹೌದು. ಸಿಟ್ಟಿನಾಗ. 'ಮನಿಗೆ ಬರೋ ಸಿಸ್ಟರ್ ಸ್ವಚ್ಛ ಕೆಲಸ ಮಾಡಂಗಿಲ್ಲ' ಅಂತ. ಅದಕ್ಕ ಕೆಲಸದಿಂದ ತಗೀತಾರಂದ್ರ ಹೆಂಗ್ರಿ! ನಾ ಮಾತಾಡ್ತೀನಿ ಬಿಡ್ರಿ... ನಾಳೆ.

ಫ್ಯಾಕ್ಟರ್ಯಾಗ ನಾವೊಂದು ಮಾಡ್ತಿದ್ದಿವಿ, ಕೇಳ್ರಿ. ಹಳೇ ಬೆಳ್ಳಿ ತುಂಡು ಆ್ಯಸಿಡ್ಡಿನಾಗ ಕರಗಿಸಿದ್ರ ಬೆಳ್ಳಿ ಕಣ್ಣಿಗೆ ಕಾಣಂಗಿಲ್ಲ, ನೀರಿನಂಗ. ಅದನ್ನ ಹಿಡಿಯಾಕ ಏನ ಹಾಕತಿದ್ದಿವಿ? ಒಂದ ಹಿಡಿ ಉಪ್ಪು! ಹಾಕಿದ ಕೂಡ್ಲೆ ಬೆಳ್ಳಗ ಒಡದ ಹಾಲಿನಂಗ ತಳಕ್ಕ ಕೂತಬಿಡ್ತಿತ್ತು. ಉಪ್ಪು ಮುಟ್ಟಿತಂದ್ರ ಬೆಳ್ಳೀ ಕೈಕಾಲು ಕಟ್ಟಿದಂಗ...

ಯಾಕ ಕೈ ನಿಲ್ಲಿಸಿದ್ರಿ?

ಮಂಚದ ಕೆಳಗ ಏನ ನೋಡಾಕತ್ತೀರಿ? ಅದು ಉಪ್ಪಿನ ಡಬ್ಬಿ. ನನಗ ಗಂಟಲ ನೋವು, ಬಾಯಿ ಮುಕ್ಕಳಿಸಾಕ... ಬೋಗುಣಿ? ಬೋಗುಣಿ ಯಾಕಂದ್ರ... ಹಂಗ ನೋಡಬ್ಯಾಡ್ರಿ ಸಿಸ್ಟರ್!

ಹೌದ್ರೀ. ನಾನ. ದಿನಾ ಸಂಜಿಕೆ, ನೀವು ಹೋದಮ್ಯಾಲೆ. ಪಟ್ಟಿ ಬಿಚ್ಚಿ, ಬೆಚ್ಚನ ಉಪ್ಪುನೀರಿಲೆ ತೊಳೆದು, ಅದ ಪಟ್ಟಿ ಮತ್ತ ಕಟ್ಟತಿದ್ದೆ. ನಮ್ಮವ್ವ ಎಲ್ಲಾ ಗಾಯಕ್ಕೂ ಹಂಗ ಮಾಡ್ತಿದ್ಲು! ಶೋಭಾ ಕೇಳಿದ್ಲು, 'ಸಿಸ್ಟರೇ ಹೇಳ್ಯಾರ' ಅಂದೆ. ನೀವು ಮೊದಲನೇ ದಿನಾನ ಪಟ್ಟಿ ತೋಯಿಸಾಕ ಶುದ್ಧ ನೀರಿನ ಬಾಟಲಿ ಕೊಟ್ಟು ಹೇಳಿದ್ರಿ, ಈ ನೀರು ಬಿಟ್ಟು ಬ್ಯಾರೆ ನೀರು ಮುಟ್ಟಿಸಬ್ಯಾಡ್ರಿ ಅಂತ. ನಾನು... ಇದು ಬರೇ ಔಷಧದವರ ವ್ಯಾಪಾರ ಅನ್ಕೊಂಡೆ.

ನಿನ್ನೆ ಸಂಜಿಕೆ ಬೋಗುಣಿ ನೀರು ಚೆಲ್ಲುವಾಗ ನೆನಪಾತ್ರಿ, ಉಪ್ಪು ಬೆಳ್ಳೀನ ಕಟ್ಟಿಹಾಕತೈತಿ ಅಂತ. ಮೂವತ್ತೊಂದು ವರ್ಷದ ವಿದ್ಯಾ, ಬಚ್ಚಲದಾಗ ನೆನಪಾತು! ಅಷ್ಟೊತ್ತಿಗೆ ನಿಮ್ಮ ಹೆಸರಿಗೆ ಕಂಪ್ಲೇಂಟ್ ಹೋಗಿತ್ತು. ಹೇಳಾಕ ಬಾಯಿ ಬರಲಿಲ್ಲ. ಈಗ ಉಪ್ಪಿನ ಮಾತು ಸುಮ್ಮನ ತಗೀಲಿಲ್ಲ ಸಿಸ್ಟರ್... ನೀವ ತಿಳಕೊಂಡು ನಾಕ ಬೈದ್ರ ಹಗುರಾಗತೈತಿ ಅಂತ. ನೀವು ಬೈಯಾಕೂ ಒಲ್ಲಿರಿ!

ಫೋನಾ? ಮಾಡ್ತೀನಿ. ಈಗ ಮಾಡ್ತೀನಿ. ತಪ್ಪು ನಿಮ್ಮದಲ್ಲ ಅಂತ ಆಫೀಸಿಗೂ ಹೇಳ್ತೀನಿ, ಡಾಕ್ಟರಿಗೂ ಹೇಳ್ತೀನಿ, ಎದ್ದಮ್ಯಾಲೆ ಆಕಿಗೂ ಹೇಳ್ತೀನಿ. ಅದಕ್ಕ ಮೊದಲ ಒಂದ ಮಾತು... ಪಟ್ಟಿ ಬಿಚ್ಚೀರಲ್ಲ, ನೋಡೀರಲ್ಲ. ಬೆರಳ ಉಳೀತೈತೇನ್ರಿ?

ಸಿಸ್ಟರ್?

ಹೂಂ ಅನ್ರಿ. ನಿಮ್ಮ ಮ್ಯಾಲೆ ನಾ ಸುಳ್ಳ ಹೇಳೀನಲ್ಲ... ನೀವೂ ಒಂದ ಸುಳ್ಳ ಹೇಳ್ರಿ.