ಕಾರಣ: ಪರವಾನಗಿ ಇಲ್ಲ

...ಅಲ್ರೀ, ಹಂಗ ಗ್ವಾಡಿ ನೋಡ್ಕೋತ ಕುಂತ್ರ ಗ್ವಾಡಿ ಬಂದು ಸಹಿ ಮಾಡ್ತದೇನು? ಅವಲಕ್ಕಿ ಆರಿ ಹೋಗ್ಲಿಕ್ಕತ್ತದ, ಮೊದಲ ಎರಡು ತುತ್ತು ತಿನ್ರಿ. ಆಮ್ಯಾಲೆ ಆ ರಾಜೀನಾಮೆ ಓದ್ರಿ, ಪೆನ್ನು ಅಲ್ಲೇ ಇಟ್ಟೀನಿ... ಕೈಸನ್ನಿ ಮಾಡ್ತೀರಿ, ಓದೀರೇನು? ಯಾವಾಗ, ನಾ ಜಳಕಕ್ಕ ಹೋದಾಗ? ಓದಿ ಮತ್ತ ಹಂಗ ಮಡಚಿ ಇಟ್ಟೀರಿ. ಭಾಳ ಛಲೋ ಆತು ಬಿಡ್ರಿ.

ಮಧುಕರ್ ಸಾಹೇಬ್ರು ಮತ್ತ ಫೋನ್ ಮಾಡಿದ್ರು. ನಿಮಗ ಮಾಡಿದ್ರಂತ, ನೀವು ಎತ್ತಲಿಲ್ಲಂತ. ‘ಇಂದೂತಾಯಿ, ತ್ಯಾಂನಾ ಸಮಜವಾ’ ಅಂದ್ರು, ನೀವರ ಚನ್ನವೀರ್ ಅವರಿಗೆ ತಿಳಿಸಿ ಹೇಳ್ರಿ ಅಂತ. ಮನಷಾ ಕೆಟ್ಟಾಂವಲ್ಲ ನೋಡ್ರಿ. ಲ್ಯಾಬಿನ ಮ್ಯಾನೇಜರ್ ಅಂದ್ರ ಅವರ ತಲಿ ಮ್ಯಾಲೂ ಮಂದಿ ಇರ್ತಾರ. ಇವತ್ತ ನೀವು ‘ತಪ್ಪು ನಂದು, ನೌಕರಿ ಬಿಡ್ತೀನಿ’ ಅಂತ ಬರಕೊಟ್ರ ಅಲ್ಲಿಗೆ ಮುಗೀತು. ಇಲ್ಲಂದ್ರ ನಾಳೆ ಪೊಲೀಸ್ ಕಂಪ್ಲೇಂಟ್ ಕೊಡ್ತಾರ. ಆ ಹುಡುಗಿ ಅಪ್ಪ ದಿನಾ ಬಂದು ಲ್ಯಾಬಿನ ಬಾಗಲಾಗ ಕೂಡ್ಲಿಕ್ಕತ್ತಾನಂತ. ಅಂವ ಯಾಕ ಬಿಡ್ತಾನ್ರಿ? ಮಗಳ ರಕ್ತದ ರಿಪೋರ್ಟು ಕ್ಯಾಂಪ್ ಏರಿಯಾದ ಅರ್ಧ ಮಂದಿ ಫೋನಿನಾಗ ಓಡಾಡ್ತು, ಗೊತ್ತಾದ ಲಗ್ನ ಮುರದು ಬಿತ್ತು. ನಾವಾದ್ರೂ ಬಿಡ್ತಿದ್ದಿಲ್ಲ.

ತಲಿ ಅಲ್ಲಾಡಿಸಬ್ಯಾಡ್ರಿ. ನೀವು ಹಂಚಿಲ್ಲ, ನನಗ ಗೊತ್ತದ. ಹಂಚಿದಾಂವ ಕೌಂಟರಿನಾಗಿನಾಂವ ಯಾವನೋ. ಆದ್ರ ಕದಾ ತಗದಿಟ್ಟವರು ಯಾರು ಅಂತ ಕೇಳ್ತಾರ. ರಿಪೋರ್ಟ್ ತಯಾರಾಗೋ, ಹಳೇವೂ ಇರೋ ಫೋಲ್ಡರ್ ನಿಮಗೊಬ್ಬರಿಗೆ ಮಾತ್ರ ತೆರೀಬೇಕು. ಆವತ್ತು ಮುಂಜಾನೆ ಅದನ್ನ ನೀವು ಎಲ್ಲಾರಿಗೂ ತೆರದಿಟ್ರಿ. ಅಲ್ಲಿದ್ದ ಎಲ್ಲಾ ಕಂಪ್ಯೂಟರಿನಾಗೂ ಪೇಶಂಟುಗಳ ಹೆಸರು, ರೋಗ, ಎಲ್ಲಾ ಬಟಾಬಯಲು. ಮಾಡಿದವರು ಯಾರು ಅಂತ ನೋಡಿದ್ರ ನಿಮ್ಮ ಹೆಸರ ಬರ್ತದ. ಅದಕ್ಕ ಯಾರೇನು ಮಾಡೋರು?

‘ಪರದೆ ಹೇಳಿತು, ನಾ ಮಾಡಿದೆ.’ ಗೊತ್ತದ್ರಿ. ಅದೊಂದು ಮಾತು ಅಂದು ಬಾಯಿ ಮುಚ್ಚಿದವರು ಇನ್ನೂ ತಗದಿಲ್ಲ ನೀವು. ಇಷ್ಟು ವರ್ಷ ಸಂಸಾರ ಮಾಡೀನಿ, ನಿಮ್ಮ ಸಿಟ್ಟು ತಡಕೋತೀನಿ, ಈ ಮೌನ ತಡಕೊಳ್ಳಾಕ ಆಗೂದಿಲ್ಲ ನನಗ. ನೆರಮನಿ ಅಂಬಣ್ಣ ಸುದ್ದಾ ಕೇಳಿದ, ಅಕ್ಕಾ, ಭಾವಗ ಆರಾಮಿಲ್ಲೇನು ಅಂತ. ಬೆನ್ನು ಹಿಡಕೊಂಡದ ಅಂದೆ.

ಪರದೆ ಏನು ಹೇಳಿತಂತ ನನಗ ಹೇಳ್ಬೇಕಾಗಿಲ್ಲ. ಲ್ಯಾಬಿನ ಪ್ರೋಗ್ರಾಮು, ಅದರಾಗಿನ ಆ ಮಾತು, ಎರಡೂ ಬರದಾಕಿನ ನಾನು. ‘ತಾತ್ಪುರತೀ ಫಾಯಿಲ್ ಬನವತಾ ಆಲೀ ನಾಹೀ. ಕಾರಣ: ಪರವಾನಗೀ ನಾಹೀ.’ ಕಚ್ಚಾ ಫೈಲು ಮಾಡ್ಲಿಕ್ಕೆ ಆಗಲಿಲ್ಲ, ಪರವಾನಗಿ ಇಲ್ಲ ಅಂತ. ಇಂಗ್ಲಿಷಿನಾಗ ಇದ್ರ ಅಲ್ಲಿಯವರಿಗೆ ತಿಳಿಯೂದಿಲ್ಲಂತ ನಾನ ಕುಂತು ಮರಾಠಿಯೊಳಗ ಮಾಡಿದ್ದೆ. ಬ್ಯಾರೆಯವರ ಪ್ರೋಗ್ರಾಮು ‘ಎರರ್’ ಅಂತ ಒಂದು ಮಾತು ಉಗುಳಿ ಸುಮ್ಮ ಕೂಡ್ತಾವ. ನಂದು ಹಂಗಲ್ಲ. ರಿಪೋರ್ಟ್ ಪ್ರಿಂಟ್ ಆಗೂಕಿಂತ ಮೊದಲ ಪ್ರೋಗ್ರಾಮು ನಡುವ ಒಂದು ಕಚ್ಚಾ ಫೈಲು ಮಾಡ್ಕೋತದ, ಕೆಲಸ ಮುಗದ ಕೂಡ್ಲೇ ತಾನ ಅಳಿಸಿ ಹಾಕ್ತದ. ಆ ಫೈಲು ಹುಟ್ಟಲಿಲ್ಲಂದ್ರ ರಿಪೋರ್ಟ್ ಇಲ್ಲ. ಹಂಗಾದಾಗ ಯಾವ ಫೈಲು, ಯಾವ ಫೋಲ್ಡರಿನಾಗ, ಯಾಕ ಹುಟ್ಟಲಿಲ್ಲ, ಬಿಡಿಸಿ ಹೇಳ್ಬೇಕು. ಎದುರಿಗೆ ಕುಂತಾಂವ ಹೆದರಬಾರದು, ಅವಗ ದಾರಿ ಕಾಣಬೇಕು. ಇದ ಅಡಗಿಮನ್ಯಾಗ ನಿಮಗ ತೋರಿಸಿದ್ದೆ, ನೆನಪದ? ‘ನಿನ್ನ ಪ್ರೋಗ್ರಾಮೂ ನಿನ್ನಂಗ ಭಾಳ ಮಾತಾಡ್ತದ’ ಅಂದಿದ್ರಿ.

ಈಗ ಯಾಕ ನಗ್ತೀರಿ? ನಗೂವಂಥಾದ್ದು ಏನದ ಇದ್ರಾಗ... ನಗಬ್ಯಾಡ್ರಿ ಹಂಗ. ಹೆದರಿಕಿ ಆಗ್ತದ.

ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಪರದೆ ಕಾರಣ ಹೇಳಿತು ಖರೇ. ಫೋಲ್ಡರ್ ಎಲ್ಲಾರಿಗೂ ತೆರೀ ಅಂತೇನು ಹೇಳಿದ್ದಿಲ್ಲಲ್ಲ? ಒಂದು ಫೋನ್ ಮಾಡಿದ್ರ ನಾ... ಹೌದು. ಮಾಡಿದ್ರಿ. ಎರಡು ಸಲ ಮಾಡಿದ್ರಿ, ಮೀಟಿಂಗಿನಾಗ ಇದ್ದೆ, ಕಟ್ ಮಾಡಿದೆ. ಅಷ್ಟೊತ್ತಿಗೆ ನೀವು ಮಾಡಿ ಮುಗಿಸಿದ್ರಿ. ನಿಮ್ಮ ಜಾಗಾದಾಗ ನಾ ಇದ್ರೂ ಅದನ್ನ ಮಾಡ್ತಿದ್ದೆ. ಇಲ್ಲ, ನಿಮಗ ಬೇಸರ ಆಗಬಾರದಂತ ಅನ್ನೂದಲ್ಲ, ಖರೇನ ಮಾಡ್ತಿದ್ದೆ.

ಆದ್ರ ಅದನ್ನ ಪೊಲೀಸರ ಮುಂದ ಹೇಳಿದ್ರ ಆಗ್ತದೇನು? ಅವರಿಗೆ ಕಚ್ಚಾ ಫೈಲಂದ್ರ ಏನು ತಿಳೀತದ, ಪರವಾನಗಿ ಅಂದ್ರ ಏನು ತಿಳೀತದ? ‘ತೆರದಾಂವ ನೀನು ಹೌದೋ ಅಲ್ಲೋ’ ಅಂತಾರ. ಹೌದು ಅಂತೀರಿ ನೀವು. ಸುಳ್ಳು ಹೇಳಾಕ ಬರೂದಿಲ್ಲ ನಿಮಗ. ಮುಂದ ಶಿವಾಜಿನಗರದ ಕೋರ್ಟಿಗೆ ಎಡತಾಕೋದು, ವಕೀಲರ ಕೈಕಾಲು ಹಿಡಿಯೋದು, ವರ್ಷಗಟ್ಟಲೆ... ಅದಕ್ಕ ಹೇಳ್ತೀನಿ, ಸಹಿ ಮಾಡ್ರಿ. ಹೆಸರು ಹೋದ್ರ ಆ ಲ್ಯಾಬಿನೊಳಗಷ್ಟ ಹೋಗ್ತದ. ನಮ್ಮ ದೇಹೂ ರೋಡಿನಾಗ ಯಾರಿಗೂ ಗೊತ್ತಾಗೂದಿಲ್ಲ. ಒಬ್ಬರದು ಹೋದ್ರೂ ಒಬ್ಬರದರ ಉಳೀತದ ಮನ್ಯಾಗ.

ಯಾಕ ಹುಬ್ಬು ಏರಸ್ತೀರಿ? ನಂದು ಯಾಕ ಹೋಗ್ತದ ಅಂತೇನು? ಹೋಗ್ತದಂತ ನಾ ಎಲ್ಲಿ ಅಂದೆ? ಮಾತಿಗೆ ಅಂದೆ. ಈಗ ನಮ್ಮ ಆಫೀಸಿನಾಗ ಸಿ ಭಾಷಾದಾಗ ಬರಿಯಾಕಿ ನಾನೊಬ್ಬಾಕಿನ ಉಳಿದೀನಿ, ನಿಮಗ ಗೊತ್ತಿಲ್ಲೇನು? ಹೊಸಾ ಹುಡುಗರೆಲ್ಲ ಬ್ಯಾರೆ ಬ್ಯಾರೆ ಕಲತು ಬಂದಾರ. ಈ ಹಳೇ ಪ್ರೋಗ್ರಾಮು ನೋಡ್ಕೊಳ್ಳಾಕಂತ ನನ್ನನ್ನ ಇಟ್ಕೊಂಡಾರ. ಇದು ಸರಿ ನಡಿಯೂತನಾ ನಾನು.

ನಿಮ್ಮನ್ನ ಆ ಲ್ಯಾಬಿಗೆ ಹಚ್ಚಿದಾಕಿನೂ ನಾನ. ಬ್ಯಾಡಂದಿದ್ರಿ ನೀವು, ಹೆಂಡತಿ ಮಾಡಿದ್ದನ್ನ ಗಂಡ ನಡಸೋದು ಹೆಂಗ ಕಾಣ್ತದ ಅಂತ. ಛಲೋನ ಕಾಣ್ತದ, ನಿಮಗಿಂತ ನಂಬಿಗಸ್ತರು ಅವರಿಗೆ ಯಾರು ಸಿಗಬೇಕು ಅಂದಿದ್ದೆ. ಈಗ ನೋಡ್ರಿ. ಹೊಟ್ಟಿ ಉರೀತದ. ನೀವು ಹಿಂಗ ಕುಂತದ್ದು ನೋಡಿದ್ರ ಖರೇನ ಹೊಟ್ಟಿ ಉರೀತದ್ರಿ ನನಗ.

ಮಂದಿ ಏನ ಅನ್ಲಿ, ನಿಮ್ಮ ತಪ್ಪಿಲ್ಲ. ನನ್ನ ಮನಸಿಗೆ ಗೊತ್ತದ. ಖಾಲಿ ಹೊಟ್ಟೀಲೆ ಬಂದ ಮಂದಿ ಕೌಂಟರ್ ಬಡೀಲಿಕ್ಕತ್ತಿತ್ತು, ಆಪರೇಷನ್ನಿಗೆ ಒಯ್ಯೋ ಪೇಶಂಟಿನ ರಿಪೋರ್ಟಿಗಂತ ಡಾಕ್ಟರ್ ಮ್ಯಾಲಿಂದ ಮ್ಯಾಲೆ ಒದರ್ಲಿಕ್ಕತ್ತಿದ್ರು. ಇತ್ಲಾಗ ಡಿಸ್ಕಿನಾಗ ಸಾಸಿವಿ ಕಾಳಷ್ಟು ಜಾಗ ಉಳಿದಿದ್ದಿಲ್ಲ. ಅಂಥಾದ್ರಾಗ ನೀವೊಬ್ಬರ ಏನು...

ಏನ್ರಿ?

ಯಾಕ ಹಂಗ ನೋಡ್ತೀರಿ? ಇಷ್ಟೊತ್ತು ಗ್ವಾಡಿ ನೋಡಿದವರು ಈಗ ನನ್ನ... ನಾ ಏನಂದೆ ಅಂತದ್ದು?

ಜಾಗ. ಹಾಂ, ಜಾಗ ಅಂದೆ. ಸುಮ್ಮ ಬಾಯಿಗೆ ಬಂತು. ಮಧುಕರ್ ಸಾಹೇಬ್ರು ಅಂದಿರಬೇಕು ಫೋನಿನಾಗ... ಡಿಸ್ಕ್ ತುಂಬಿತ್ತು ಅಂತ.

ಅವರಿಗೆ ಗೊತ್ತಿರಲಿಲ್ಲ, ಹೌದು. ಯಾರಿಗೂ ಗೊತ್ತಿರಲಿಲ್ಲ. ಎಲ್ಲಾರೂ ಪರವಾನಗಿ, ಪರವಾನಗಿ ಅಂತನ... ನೀವೂ.

ಕಣ್ಣು ತಗೀರಿ. ಆ ಕಡೆ ನೋಡ್ರಿ ಒಂಚೂರು, ನೀವು ಹಿಂಗ ನೋಡಿದ್ರ ಮಾತು ಬರೂದಿಲ್ಲ ನನಗ.

ತುಂಬಿತ್ತು. ಹಳೇ ಬ್ಯಾಕಪ್ ಬಿದ್ದು ಬಿದ್ದು ತುಂಬಿ ತುಳುಕ್ತಿತ್ತು. ಆವತ್ತು ಸಂಜಿಗೆ ಆಫೀಸಿನಿಂದ ನಿಮ್ಮ ಲ್ಯಾಬಿನ ಕಂಪ್ಯೂಟರಿನೊಳಗ ಹೊಕ್ಕು ನೋಡಿದೆ. ಫೈಲು ಹುಟ್ಟದ ಇದ್ದಾಗ ಕಂಪ್ಯೂಟರ್ ಅದರ ಕಾರಣ ಒಂದ ಕಡೆ ಇಡ್ತದ್ರಿ. ಅಲ್ಲಿ ಒಂದ ಕಾರಣ ಹಿಡೀತದ, ಎರಡಲ್ಲ. ಅದನ್ನ ಮೊದಲು ಎತ್ತಿಟ್ಕೋಬೇಕು, ಆಮ್ಯಾಲೆ ಮುಂದಿನ ಕೆಲಸ. ಎತ್ತಿಟ್ಕೊಳ್ಳದ ಬ್ಯಾರೆದಕ್ಕ ಕೈ ಹಾಕಿ ಅದೂ ಕೆಟ್ಟಿತಂದ್ರ, ಅದರ ಕಾರಣ ಬಂದು ಮೊದಲಿಂದನ್ನ ಅಳಿಸ್ತದ. ಸಿ ಕಲಿಯೋ ಮಕ್ಕಳಿಗೆ ಹೇಳಿಕೊಡೋ ಮಾತಿದು. ನಾ ನಡುವ ಒಂದು ಸಾಲು ಹಾಕಿದ್ದೆ, ಇಂಥಾ ಹೊತ್ತಿಗೆ ಕೆಟ್ಟಿತು ಅಂತ ಇನ್ನೊಂದು ಫೈಲಿನಾಗ ಗುರುತು ಬರೀಲಿಕ್ಕೆ. ಪರವಾನಗಿ ಇಲ್ಲದಿದ್ದದ್ದು ಆ ಇನ್ನೊಂದು ಫೈಲಿಗೆ. ನಿಮ್ಮ ಪರದೆ ಮ್ಯಾಲೆ ಬಂದದ್ದು ಅದು, ಜಾಗ ಇಲ್ಲ ಅನ್ನೋ ಖರೇ ಕಾರಣ ಅಳಿಸಿ ಹೋಗಿತ್ತು.

ಫೋಲ್ಡರಿಗೆ ಏನೂ ಆಗಿದ್ದಿಲ್ಲ. ತೆರೀಬೇಕಾಗಿದ್ದಿಲ್ಲ. ಒಂದೆರಡು ಹಳೇ ಬ್ಯಾಕಪ್ ಅಳಿಸಿದ್ರ ರಿಪೋರ್ಟ್ ಬರ್ತಿದ್ವು.

ಈಗ ಪ್ರೋಗ್ರಾಮು ಸರಿ ಕಾರಣ ಹೇಳ್ತದ್ರಿ... ಆವತ್ತ ಸಂಜೀನ ತಿದ್ದಿ ಇಟ್ಟೆ. ಜಾಗಾನೂ ಖಾಲಿ ಮಾಡಿದೆ. ಯಾರನ್ನರ ಕರಸಿ ನೋಡಿಸಿದ್ರ... ಏನೂ ಸಿಗೂದಿಲ್ಲ. ‘ಪರದೆ ಹೇಳಿತು’ ಅಂತ ನೀವಂದ್ರ, ಹೇಳಿಲ್ಲ ಅಂತ ತೋರಸ್ತದ. ಅದು ಗೊತ್ತಿದ್ದ ಮಾಡಿದೆ. ಗೊತ್ತಿರಲಿಲ್ಲ ಅನ್ನೂದಿಲ್ಲ. ಮನಿಗೆ ಬಂದು ನಿಮಗ ರೊಟ್ಟಿ ಬಡಿದು ಹಾಕಿದೆ.

ಬೈರಿ. ಏನರ ಅನ್ರಿ. ತಾಟು ಎತ್ತಿ ಒಗೀರಿ ಬೇಕಾದ್ರ...

ಪೆನ್ನು ಯಾಕ ತಗೋತೀರಿ?

ಬ್ಯಾಡ್ರಿ. ತಡೀರಿ. ನಾ ಹೇಳ್ತೀನಿ ಅವರಿಗೆ, ತಪ್ಪು ನಂದಂತ, ನಾನ ಹೋಗಿ... ಕೇಳ್ಲಿಕ್ಕತ್ತೀರೋ ಇಲ್ಲೋ? ಮುಂಜಾನಿಂದ ಸಹಿ ಮಾಡ್ರಿ ಅಂತ ಗಂಟು ಬಿದ್ದೀನಿ ಖರೇ, ಈಗ ಬ್ಯಾಡ ಅನ್ಲಿಕ್ಕತ್ತೀನಿ. ಚೆಂದಾಗಿ ಬರೀಲಿಕ್ಕತ್ತೀರಿ ನೋಡ್ರಿ ಹೆಸರನ್ನ, ಲಗ್ನದ ಕಾರ್ಡಿನ ಮ್ಯಾಲೆ ಬರದಂಗ. ರೀ...

ಮಾಡೇಬಿಟ್ರಿ.

ನನ್ನ ಕೈಯಾಗ ಯಾಕ ಕೊಡ್ತೀರಿ? ನಾ ಒಯ್ದು ಕೊಡ್ಬೇಕೇನು? ಹಿಡೀರಿ, ನೀವ ಇಟ್ಕೋರಿ. ಹಿಡೀರಿ ಅಂದ್ರ... ರೀ. ಒಂದ ಒಂದು ಮಾತು ಆಡ್ರಿ.

ಆತು. ಲೋಕಲ್ ರೈಲು ಹಿಡದು ಹೋಗ್ತೀನಿ. ಕೊಟ್ಟು, ಖರೇ ಏನಂತ ಹೇಳಿ ಬರ್ತೀನಿ ಅನ್ಬೇಕು ನೋಡ್ರಿ ನಾನು ಈಗ. ಬಾಯಿಗೆ ಬರವಲ್ದು. ಕೊಟ್ಟು ಬರ್ತೀನಿ.