ಹನಿ ಕಾಣದ ಓಣಿ

ನಗಬೇಡಿ, ಇದು ನಮ್ಮ ಪಕ್ಕದ ಮನೆಯ ಮರಿಲಿಂಗಮ್ಮನಿಗೇ ಆದದ್ದು. ಸುರಪುರದಲ್ಲಿ ಆಶಾ ಕಾರ್ಯಕರ್ತೆಯ ಕೆಲಸ ಅವಳದು. ಹನ್ನೊಂದು ವರ್ಷದಿಂದ ಮನೆ ಮನೆ ತಿರುಗಿ ಕೂಸುಗಳಿಗೆ ಪೋಲಿಯೊ ಹನಿ ಹಾಕುತ್ತಾಳೆ. ಹಾಕಿದ ಮನೆಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ‘ಪಿ’ ಬರೆಯಬೇಕು. ಕೂಸು ಉಳಿದಿದ್ದರೆ ‘ಎಕ್ಸ್’. ಎಕ್ಸ್ ಬರೆದ ಮನೆಗೆ ತಿರುಗಿ ಹೋಗಲೇಬೇಕು, ತಪ್ಪಿಸುವಂತಿಲ್ಲ.

ಅವತ್ತು ಪೋಲಿಯೊ ಸುತ್ತಿನ ಮೂರನೆಯ ದಿನ. ಕೊನೆಯ ಎಕ್ಸ್ ಮನೆ ಮುಗಿಸುವಷ್ಟರಲ್ಲಿ ರಾತ್ರಿ ಒಂಬತ್ತು. ಕಾಲು ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ. ಕರೆಂಟ್ ಬೇರೆ ಹೋಗಿತ್ತು. ಹಾಳುಬಾವಿ ಹಿಂದಿನ ಸಂದಿ ಹಿಡಿದರೆ ಮನೆ ಹತ್ತಿರ ಎಂದು ತಿರುಗಿದಳು... ಹುಟ್ಟಿ ಬೆಳೆದ ಊರು, ಕಣ್ಣು ಕಟ್ಟಿ ಬಿಟ್ಟರೂ ಮನೆ ಸೇರುವವಳು.

ಅಲ್ಲೊಂದು ಓಣಿ. ಎಂದೂ ಕಂಡಿದ್ದಲ್ಲ. ಎರಡೂ ಕಡೆ ಕಲ್ಲಿನ ಮನೆ, ಗೂಡಿನಲ್ಲಿ ಎಣ್ಣೆ ದೀಪ. ಬೊಗಳುತ್ತಿದ್ದ ನಾಯಿ ಗಕ್ಕನೆ ಸುಮ್ಮನಾಯಿತು. ಬ್ಯಾಟರಿ ಬೆಳಕು ಬಿಟ್ಟು ಬಾಗಿಲು ನೋಡಿದಳು. ಒಂದರ ಮೇಲೂ ಗುರುತಿಲ್ಲ! ಎದೆ ಧಸಕ್ಕೆಂದಿತು. ಹೆದರಿಕೆಗಲ್ಲ... ಇಡೀ ಓಣಿಯನ್ನೇ ಹನ್ನೊಂದು ವರ್ಷ ಬಿಟ್ಟುಬಿಟ್ಟೆನಲ್ಲ ಎಂದು.

ಕಿರ್ರ್... ಮೊದಲ ಬಾಗಿಲು ತೆರೆಯಿತು. ಬಗಲಲ್ಲಿ ಕೂಸೆತ್ತಿಕೊಂಡು ಒಬ್ಬ ಹೆಂಗಸು.

“ಬಂದ್ರೇನ್ರಿ ಅಕ್ಕೋರೆ?” ಪಿಸುಗುಟ್ಟಿದಳು. “ನಮ್ಮ ಓಣಿಗಿ ಯಾರೂ ಬರಂಗಿಲ್ರಿ.”

“ನಂಗ ಗೊತ್ತೇ ಇರಲಿಲ್ಲವ್ವಾ... ಕೂಸಿನ ಬಾಯಿ ತೆರಿ.”

ಶೀಷೆಯಲ್ಲಿ ಉಳಿದದ್ದು ಎರಡೇ ಹನಿ. ಟಪ್... ಟಪ್. ಕೂಸು ಚಪ್ಪರಿಸಿತು. ಮಸಿ ಹಚ್ಚಲು ಕಿರುಬೆರಳು ಹಿಡಿದರೆ ಬಾವಿ ನೀರಿನಷ್ಟು ತಣ್ಣಗೆ.

“ಬ್ಯಾರೆ ಮನ್ಯಾಗ ಕೂಸು ಅದಾವೇನು?”

“ಎಲ್ಲಾ ಮನ್ಯಾಗೂ ಅದಾವ್ರಿ.”

ಕಿರ್ರ್... ಕಿರ್ರ್... ಒಂದೊಂದಾಗಿ ಬಾಗಿಲೆಲ್ಲ ತೆರೆದವು. ಶೀಷೆ ಖಾಲಿ. ಅಷ್ಟು ದಣಿವಿನಲ್ಲೂ ರೂಢಿ ಬಿಡಲಿಲ್ಲ ನೋಡಿ, ಒಂದು ಮನೆಗೆ ಪಿ, ಉಳಿದ ಆರಕ್ಕೆ ಎಕ್ಸ್ ಬರೆದು, “ಮತ್ತ ಬರ್ತೀನ್ರವ್ವಾ” ಎಂದು ಬಂದು ಮಲಗಿದಳು.

ಬೆಳಗ್ಗೆ ಹೊಸ ಶೀಷೆ ಹಿಡಿದು ಹೋದರೆ ಓಣಿಯೇ ಇಲ್ಲ. ಜಾಲಿಗಿಡ, ಹಾಳುಬಾವಿ, ಅಷ್ಟೆ. ಬಾವಿಯೊಳಗೆ ಬಗ್ಗಿ ನೋಡಿದಳು. ಎರಡಾಳು ಕೆಳಗೆ, ಕೈಗೆಟುಕದ ಕಲ್ಲಿನ ಮೇಲೆ ಅವಳದೇ ಅಕ್ಷರ... ಒಂದು ಪಿ, ಆರು ಎಕ್ಸ್.

“ಇನ್ನ ಆ ಕಡಿ ಹೋಗಬ್ಯಾಡವ್ವಾ, ಕೈ ಮುಗಿತೀನಿ” ಎಂದೆ ನಾನು.

ಅವಳು ಬಾತ ಕಾಲು ತಿಕ್ಕಿಕೊಳ್ಳುತ್ತ ಅಂದಳು, “ಎಕ್ಸ್ ಹಾಕಿ ಬಂದೀನಿ... ಹೋಗಬೇಕಲ್ಲ.”

ಈಗಲೂ ಪ್ರತಿ ಸಲ ಮೂರನೆಯ ರಾತ್ರಿ, ಮಿಕ್ಕ ಹನಿ ಹಿಡಿದುಕೊಂಡು ಹೋದವಳು ತಡವಾಗಿ ಬರುತ್ತಾಳೆ. ಎಲ್ಲಿಗೆ ಹೋಗಿದ್ದಿ ಎಂದು ನಾನು ಕೇಳುವುದಿಲ್ಲ. ನೀವು ನಂಬಿ, ಬಿಡಿ. ಮೊನ್ನೆ ಹಗಲಲ್ಲಿ ನಾನೇ ಬಾವಿಯೊಳಗೆ ಬಗ್ಗಿ ನೋಡಿ ಬಂದೆ. ಪಿ ಐದು, ಎಕ್ಸ್ ಎರಡು.