ಎಲ್ಲ ಸರಿ ಎನ್ನುತ್ತಿದ್ದ ಸಾಹುಕಾರ

ಕಡಲ ಕರೆಯಲ್ಲಿ ಒಂದು ಪೇಟೆ. ಆ ಪೇಟೆಯಲ್ಲಿ ಒಬ್ಬ ಸಾಹುಕಾರ. ಹೆಸರು ಕೇಳಬೇಡಿ. ಹೆಸರು ಹೇಳಿದರೆ, "ಓ, ಇದು ಅವನ ಕಥೆ" ಅಂತ ನೀವು ಗೋಡೆಗೆ ಒರಗಿ ಆರಾಮಾಗಿ ಕೂತುಬಿಡುತ್ತೀರಿ. ನೀವು ಆರಾಮಾಗಿ ಕೂರುವುದು ನನಗೆ ಬೇಡ.

ಬಂದರಿನಲ್ಲಿ ಮೀನಿಗೆ ಹಾಕುವ ಐಸ್ ಇದೆಯಲ್ಲ, ಅದರ ಕಾರ್ಖಾನೆಗಳು ಅವನವು. ಮನುಷ್ಯ ಒಳ್ಳೆಯವನೇ. ಕುಡಿಯುವವನಲ್ಲ, ಬೈಯುವವನಲ್ಲ. ಅವನಿಗೆ ಇದ್ದದ್ದು ಒಂದೇ ಚಾಳಿ. ಯಾರ ಹತ್ತಿರವೂ ಏನನ್ನೂ ಕೇಳುತ್ತಿರಲಿಲ್ಲ. ಇದು ಒಳ್ಳೆಯ ಗುಣ ಅಲ್ಲವಾ ಸ್ವಾಮಿ, ಚಾಳಿ ಹೇಗಾಯಿತು ಅಂತೀರಾ? ಸ್ವಲ್ಪ ತಡೆಯಿರಿ. ಮೈ ಕೆಂಡದ ಹಾಗೆ ಸುಡುತ್ತಿರುವಾಗ ಹೆಂಡತಿ ಹಣೆ ಮುಟ್ಟಲು ಬಂದರೆ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. "ಎಂತ ಆಗ್ಲಿಲ್ಲ. ಎಲ್ಲ ಸರಿ ಉಂಟು." ವ್ಯಾಪಾರದಲ್ಲಿ ಪೆಟ್ಟು ತಿಂದು ತುತ್ತು ಗಂಟಲಲ್ಲಿ ಇಳಿಯದ ದಿನವೂ ಅದೇ ಮಾತು. "ಎಲ್ಲ ಸರಿ ಉಂಟು." ತಾಯಿ ತೀರಿಕೊಂಡ ದಿನ ತಮ್ಮ ಬಂದು ಹೆಗಲ ಮೇಲೆ ಕೈಯಿಟ್ಟರೆ, ಆ ಕೈಯನ್ನು ಮೆಲ್ಲಗೆ ಇಳಿಸಿ, "ನಂಗೆಂತ ಆಗ್ಲಿಲ್ಲ ಮಾರಾಯ, ನೀನು ಬಂದವರಿಗೆ ಕುರ್ಚಿ ಹಾಕು" ಅಂದಿದ್ದ. ನೋಡಿ, ಇಂಥವನು!

ಇಂಥವನಿಗೆ ನಡುವಯಸ್ಸು ದಾಟಿದ ಮೇಲೆ ಹಾಯಿದೋಣಿಯ ಹುಚ್ಚು ಹಿಡಿಯಿತು. ಮೊದಲು ಹೊಳೆ ಕಡಲು ಸೇರುವ ಅಳಿವೆ ಬಾಗಿಲಲ್ಲಿ ಸುತ್ತಿದ. ಆಮೇಲೆ ಲಕ್ಷದ್ವೀಪದವರೆಗೆ ಹೋಗಿ ಬಂದ. ಆಮೇಲೆ ಯಾರೋ ಒಂದು ಪಂದ್ಯದ ಸುದ್ದಿ ಕಿವಿಗೆ ಹಾಕಿದರು. ಒಬ್ಬನೇ ಮನುಷ್ಯ, ಒಂದೇ ದೋಣಿ. ಬರೀ ಗಾಳಿಯ ಬಲದಲ್ಲಿ ಇಡೀ ಭೂಮಿಯನ್ನು ಸುತ್ತಿ, ಹೊರಟ ಬಂದರಿಗೇ ವಾಪಸು ಬರಬೇಕು. ದಾರಿಯಲ್ಲಿ ಎಲ್ಲೂ ನಿಲ್ಲುವಂತಿಲ್ಲ, ಇನ್ನೊಬ್ಬರು ದೋಣಿ ಹತ್ತುವಂತಿಲ್ಲ. ಯಾರಿಂದಲೂ ಒಂದು ಮೊಳೆ ಕೂಡ ತೆಗೆದುಕೊಳ್ಳುವಂತಿಲ್ಲ. ಕೇಳಿದ್ದೇ ತಡ, ಸಾಹುಕಾರ ಕುಣಿದಾಡಿಬಿಟ್ಟ. ಈ ಪಂದ್ಯವನ್ನು ತನಗೋಸ್ಕರವೇ ಮಾಡಿದ್ದಾರೆ ಅಂದುಕೊಂಡ.

ಆ ಪಂದ್ಯದಲ್ಲಿ ಎರಡು ಪದ್ಧತಿಗಳಿದ್ದವು. ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ, ಕಥೆ ನಿಂತಿರುವುದು ಇದರ ಮೇಲೆ. ಮೊದಲನೆಯದು ಒಂದು ಪೆಟ್ಟಿಗೆ. ಅದರೊಳಗೆ ಭೂಮಿಯ ಯಾವ ಮೂಲೆಯಿಂದಲಾದರೂ ಮಾತಾಡಬಹುದಾದ ಫೋನು. ಆದರೆ ಪೆಟ್ಟಿಗೆಗೆ ಅರಗಿನ ಮೊಹರು. ಪ್ರಾಣಕ್ಕೆ ಬಂದರೆ ಒಡೆಯಿರಿ, ಸಹಾಯ ಕಳಿಸುತ್ತೇವೆ. ಆದರೆ ಮೊಹರು ಒಡೆದ ಕ್ಷಣಕ್ಕೆ ನೀವು ಪಂದ್ಯದಿಂದ ಹೊರಗೆ. ಎರಡನೆಯದು ರೇಡಿಯೋ. ದಿನಕ್ಕೊಮ್ಮೆ ಗೊತ್ತುಪಡಿಸಿದ ಹೊತ್ತಿಗೆ ಸ್ಪರ್ಧಿಗಳೆಲ್ಲ ಒಬ್ಬರೊಡನೊಬ್ಬರು ಮಾತಾಡಿ, ತಾವು ಎಲ್ಲಿದ್ದೇವೆ, ಹೇಗಿದ್ದೇವೆ ಎಂದು ಹೇಳಬೇಕು. ದಡದಲ್ಲಿ ಕೂತ ಪಂದ್ಯದವರು ಅದನ್ನು ಕೇಳಿ ಮನೆಯವರಿಗೆ ತಿಳಿಸುತ್ತಿದ್ದರು.

ಈಗ ಯೋಚಿಸಿ. ಒಬ್ಬ ಹೇಳಿದ್ದನ್ನು ಎಲ್ಲರೂ ಕೇಳಿಸಿಕೊಳ್ಳುತ್ತಾರೆ. "ನನ್ನ ಹಾಯಿ ಹರಿದಿದೆ" ಅಂದರೆ ಏನಾಗುತ್ತದೆ? ಹಿಂದೆ ಇದ್ದವನಿಗೆ ಹುರುಪು ಬರುತ್ತದೆ! ಅದಕ್ಕೇ ಯಾರೂ ಹೇಳುತ್ತಿರಲಿಲ್ಲ. ಹಾಯಿ ಹರಿದರೂ ಎಲ್ಲ ಸರಿ, ಕುಡಿಯುವ ನೀರಿಗೆ ಉಪ್ಪು ಸೇರಿದರೂ ಎಲ್ಲ ಸರಿ. ನಮ್ಮ ಸಾಹುಕಾರ ಇದನ್ನು ಹೊಸದಾಗಿ ಕಲಿಯಬೇಕಿತ್ತಾ? ಹುಟ್ಟಿದಾಗಿನಿಂದ ಅದೇ ರೇಡಿಯೋದಲ್ಲಿ ಮಾತಾಡಿಕೊಂಡು ಬಂದವನು!

ಹೊರಡುವ ದಿನ ಬಂದರಿನಲ್ಲಿ ಯಾರೋ ಅವನ ಬಾಯಿಯ ಮುಂದೆ ಮೈಕು ಹಿಡಿದರು. "ಒಬ್ಬನೇ ಹೋಗ್ತೇನೆ, ಒಬ್ಬನೇ ಬರ್ತೇನೆ. ನಂಗೆ ಯಾರದ್ದೂ ಅಗತ್ಯ ಇಲ್ಲ" ಅಂದ. ಜನ ಚಪ್ಪಾಳೆ ಹೊಡೆದರು. ಪಕ್ಕದಲ್ಲೇ ಹೆಂಡತಿ ನಿಂತಿದ್ದಳು. ಅವಳು ಚಪ್ಪಾಳೆ ಹೊಡೆಯಲಿಲ್ಲ. "ಆಯ್ತು ಮಾರಾಯ್ರೇ, ಹುಷಾರು" ಅಂದಳು, ಅಷ್ಟೆ.

ತಿಂಗಳುಗಳು ಕಳೆದವು. ಭೂಮಿಯ ತೆಂಕಣ ತುದಿಯ ಹತ್ತಿರ ಒಂದು ಸಮುದ್ರ ಇದೆಯಂತೆ. ಅಲ್ಲಿ ಅಲೆಗೆ ಅಡ್ಡ ಬರುವುದಕ್ಕೆ ನೆಲವೇ ಇಲ್ಲ. ಅಲೆ ಹುಟ್ಟಿದ್ದು ಬೆಳೆಯುತ್ತಲೇ ಇರುತ್ತದೆ. ಅಲ್ಲಿಗೆ ಮುಟ್ಟುವ ಹೊತ್ತಿಗೆ ಎಷ್ಟೋ ಜನ ಸ್ಪರ್ಧಿಗಳು ಕೈಬಿಟ್ಟಿದ್ದರು. ಎಲ್ಲರಿಗಿಂತ ಮುಂದೆ ಇದ್ದವನು ಒಬ್ಬ ಹೊರದೇಶದವನು. ಅವನ ಬೆನ್ನಿಗೆ ನಮ್ಮ ಸಾಹುಕಾರ. ಉಳಿದವರು ಬಹಳ ಹಿಂದೆ.

ಅಂಥ ಒಂದು ಅಲೆ ಬಂದು ಸಾಹುಕಾರನ ದೋಣಿಯನ್ನು ಮಗ್ಗುಲಾಗಿ ಮಲಗಿಸಿಬಿಟ್ಟಿತು. ಒಳಗಿದ್ದ ಪಾತ್ರೆ, ಹಾಸಿಗೆ, ಮನುಷ್ಯ ಎಲ್ಲ ಒಂದೇ ಕಡೆಗೆ. ದೋಣಿ ತಾನಾಗಿ ಎದ್ದು ನಿಂತಿತು, ಅದರ ಪುಣ್ಯ. ಆದರೆ ಸಾಹುಕಾರನ ಎಡ ಹೆಗಲಿನ ಎಲುಬು ಲಟಕ್ಕೆಂದಿತ್ತು. ಅದು ಸಾಲದೆಂಬಂತೆ ಚುಕ್ಕಾಣಿಯ ದಂಡ ಒಳಗೆ ಬರುವ ತೂತಿನ ಹತ್ತಿರ ಎಲ್ಲೋ ಸಡಿಲಾಗಿ ನೀರು ಒಳಗೆ ಬರತೊಡಗಿತು. ಕೈಪಂಪು ಹಿಡಿದು ಕೂತ. ಒಂದೇ ಕೈ. ಹೊಡೆದಷ್ಟೂ ನೀರು ಬರುತ್ತಿತ್ತು. ತುಸು ಕಣ್ಣು ಮುಚ್ಚಿದರೆ ನೀರು ಮೊಣಕಾಲಿಗೆ ಬರುತ್ತಿತ್ತು. ಎದುರಿಗೇ ಮೊಹರು ಹಾಕಿದ ಪೆಟ್ಟಿಗೆ. ಅದನ್ನು ನೋಡುತ್ತಿದ್ದ, ಮುಖ ತಿರುಗಿಸುತ್ತಿದ್ದ.

ರೇಡಿಯೋ ಹೊತ್ತಾಯಿತು. ಇವರಿಬ್ಬರು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ನನಗೆ ಅದು ಅಷ್ಟಕ್ಕಷ್ಟೆ, ನಮ್ಮ ಮಾತಿನಲ್ಲೇ ಹೇಳುತ್ತೇನೆ.

"ಹೇಗುಂಟು ನಿಂದು?" ಅಂದ ಹೊರದೇಶದವನು.

"ಎಲ್ಲ ಸರಿ. ನಿಂದು?"

"ಎಲ್ಲ ಸರಿ. ಗಾಳಿ ಜೋರುಂಟಲ್ಲ, ಹಾಯಿ ಇಳಿಸಿ ಸುಮ್ಮನೆ ಕೂತಿದ್ದೇನೆ."

ಹಾಯಿ ಇಳಿಸಿದ್ದಾನೆ! ಅಂದರೆ ನಿಂತಿದ್ದಾನೆ! ನೋಡಿ ಮನುಷ್ಯನ ಬುದ್ಧಿ. ಹೆಗಲು ಮುರಿದಿದೆ, ಕಾಲಡಿ ನೀರು ನಿಂತಿದೆ, ಆದರೂ ಸಾಹುಕಾರನಿಗೆ ಒಳಗೊಳಗೇ ಖುಷಿ. ಹೆದರಿ ಕೂತಿದ್ದಾನೆ, ನಾನು ದಾಟಿ ಹೋಗುತ್ತೇನೆ ಅಂದುಕೊಂಡ. ಪಂಪು ಹೊಡೆಯುತ್ತಾ, ಒಂದೇ ಕೈಯಲ್ಲಿ ಚುಕ್ಕಾಣಿ ಹಿಡಿಯುತ್ತಾ, ಮತ್ತೆ ಪಂಪು ಹೊಡೆಯುತ್ತಾ ಮುಂದೆ ಹೋದ.

ಮರುದಿನ ಮತ್ತೆ ರೇಡಿಯೋ. ಈ ಹೊತ್ತಿಗೆ ಹೊರದೇಶದವನು ಕೆಲವೇ ತಾಸುಗಳ ದಾರಿಯಷ್ಟು ಮುಂದಿದ್ದ. ಸಾಹುಕಾರನಿಗೆ ಕಣ್ಣು ಮುಚ್ಚಿ ಹೋಗುತ್ತಿತ್ತು, ಮೈ ನಡುಗುತ್ತಿತ್ತು. "ಎಲ್ಲ ಸರಿ" ಅಂದ. ಆ ಕಡೆಯಿಂದ "ನಂದೂ ಎಲ್ಲ ಸರಿ" ಅಂತ ಬಂತು. ಆದರೆ ಆ ಮಾತಿನ ಹಿಂದೆ ಇನ್ನೊಂದು ಸದ್ದಿತ್ತು. ಕರ್... ಚಳಕ್. ಕರ್... ಚಳಕ್.

ಯಾವ ಸದ್ದು ಅದು? ಬೇರೆ ಯಾರಾದರೂ ಆಗಿದ್ದರೆ ರೇಡಿಯೋ ಕೆಟ್ಟಿದೆ ಅಂದುಕೊಳ್ಳುತ್ತಿದ್ದರು. ಸಾಹುಕಾರನಿಗೆ ಹೇಳಿಕೊಡಬೇಕಾ? ಎರಡು ದಿನದಿಂದ ಅದೇ ಸದ್ದನ್ನು ಕೇಳುತ್ತಿದ್ದಾನೆ! ಅದು ಕೈಪಂಪು. ಆ ಮನುಷ್ಯ ಒಂದು ಕೈಯಲ್ಲಿ ರೇಡಿಯೋ ಹಿಡಿದು, ಇನ್ನೊಂದು ಕೈಯಲ್ಲಿ ನೀರು ಹೊಡೆಯುತ್ತಾ, "ಎಲ್ಲ ಸರಿ" ಅನ್ನುತ್ತಿದ್ದಾನೆ.

ಈಗ ಸಾಹುಕಾರನ ಮುಂದೆ ದಾರಿ ಎಷ್ಟು ಸಲೀಸಾಗಿತ್ತು ನೋಡಿ. ಸುಮ್ಮನಿದ್ದರೆ ಸಾಕು. ಪಕ್ಕದಿಂದ ದಾಟಿ ಹೋದರೆ ಸಾಕು. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಮೊದಲ ಸ್ಥಾನ! ಒಂದು ಕ್ಷಣ ಹಾಗೇ ಅನ್ನಿಸಿತು ಕೂಡ. ಆದರೆ ಆ ಪಂಪಿನ ಸದ್ದು ಕೇಳುತ್ತಾ ಕೇಳುತ್ತಾ ಅವನಿಗೆ ತನ್ನ ಮೇಲೆಯೇ ಅಯ್ಯೋ ಅನ್ನಿಸಿಬಿಟ್ಟಿತು. ಇಬ್ಬರು ದೊಡ್ಡ ಗಂಡಸರು, ಸಮುದ್ರದ ನಡುವೆ, ಇಬ್ಬರೂ ಮುಳುಗುತ್ತಿದ್ದಾರೆ, ಇಬ್ಬರೂ ಕ್ಷೇಮಸಮಾಚಾರ ಹೇಳಿಕೊಳ್ಳುತ್ತಿದ್ದಾರೆ! ಅವನಿಗೆ ನಗು ಬಂತು. ನಗುತ್ತಲೇ ರೇಡಿಯೋವನ್ನು ಬಾಯಿಯ ಹತ್ತಿರ ಹಿಡಿದ.

"ಅದು ಪಂಪಾ ಮಾರಾಯ?" ಅಂದ.

ಆ ಕಡೆಯಿಂದ ಕರ್... ಚಳಕ್.

"ಅಲ್ಲ" ಅಂದ ಹೊರದೇಶದವನು.

"ನನ್ನ ಹತ್ತಿರವೂ ಒಂದು ಉಂಟು. ಕೇಳು." ಸಾಹುಕಾರ ತನ್ನ ಪಂಪನ್ನು ರೇಡಿಯೋ ಹತ್ತಿರ ಎರಡು ಸಲ ಹೊಡೆದ. "ನಂದು ಸರಿ ಇಲ್ಲ. ಹೆಗಲು ಮುರಿದಿದೆ. ದೋಣಿಗೆ ನೀರು ಬರ್ತಾ ಉಂಟು. ನಂಗೆ ಹೆದರಿಕೆ ಆಗ್ತಾ ಉಂಟು."

ಇಷ್ಟು ವರ್ಷದಲ್ಲಿ ಆ ಬಾಯಿಂದ ಬಂದ ಮೊದಲ ನಿಜ ಅದು! ಹೇಳಿದ ಕೂಡಲೇ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಆ ಕಡೆಯಿಂದ ಪಂಪಿನ ಸದ್ದು ನಿಂತಿತು. ಆಮೇಲೆ ಅಳು ಕೇಳಿಸಿತು.

"ನನ್ನ ಹಾಯಿಯ ಕಂಬವೇ ಮುರಿದು ಹೋಗಿದೆ" ಅಂದ ಹೊರದೇಶದವನು. "ಅದು ಬಡಿದು ದೋಣಿ ಒಡೆದಿದೆ. ಇನ್ನು ತಡೆಯುವುದಿಲ್ಲ. ಸಹಾಯದ ಹಡಗು ಬರುವುದಕ್ಕೆ ವಾರ ಬೇಕು. ಪೆಟ್ಟಿಗೆ ಒಡೆದು ಪ್ರಯೋಜನ ಎಂತ ಅಂತ ಕೂತಿದ್ದೆ."

"ಪಂಪು ನಿಲ್ಲಿಸಬೇಡ ಮಾರಾಯ! ನಾನು ಬರ್ತಾ ಇದ್ದೇನೆ."

ಬಂದ. ಒಂದೇ ಕೈಯಲ್ಲಿ ಬಂದ. ಗಾಳಿ ಅಷ್ಟು ಹೊತ್ತಿಗೆ ತುಸು ಇಳಿದಿತ್ತು. ಹೊರದೇಶದವನು ರಬ್ಬರಿನ ತೆಪ್ಪ ಬಿಟ್ಟು ಅದರಲ್ಲಿ ಕೂತ. ಸಾಹುಕಾರ ಹಗ್ಗ ಎಸೆದ, ತಪ್ಪಿತು. ಮತ್ತೆ ಎಸೆದ, ಮತ್ತೆ ತಪ್ಪಿತು. ಮೂರನೆಯ ಸಲ ಸಿಕ್ಕಿತು. ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು, ಹಲ್ಲು ಕಚ್ಚಿ, ನೋವಿಗೆ ಕೂಗುತ್ತಾ ಎಳೆದುಕೊಂಡ. ಆ ಮನುಷ್ಯ ದೋಣಿ ಹತ್ತಿದವನೇ ಮೊದಲು ಮಾಡಿದ ಕೆಲಸವೇನು ಗೊತ್ತಾ? ಸಾಹುಕಾರನ ಸರಿಯಿದ್ದ ಹೆಗಲ ಮೇಲೆ ಕೈಯಿಟ್ಟ. ಸಾಹುಕಾರ ಆ ಕೈಯನ್ನು ಇಳಿಸಲಿಲ್ಲ. ಹಾಗೇ ಬಿಟ್ಟ.

ಒಬ್ಬನಿಗೆ ದೋಣಿಯಿದೆ, ಕೈಯಿಲ್ಲ. ಇನ್ನೊಬ್ಬನಿಗೆ ಎರಡೂ ಕೈಯಿದೆ, ದೋಣಿಯಿಲ್ಲ. ಹೊರದೇಶದವನು ಸಾಹುಕಾರನ ಬನಿಯನ್ನೇ ಹರಿದು, ಗ್ರೀಸ್ ಮೆತ್ತಿ, ಚುಕ್ಕಾಣಿ ದಂಡದ ಸುತ್ತ ತುರುಕಿ ಬಿಗಿದ. ನೀರು ನಿಂತಿತು. ಇನ್ನೊಂದು ಬನಿಯನ್ನಿನಲ್ಲಿ ಸಾಹುಕಾರನ ತೋಳನ್ನು ಕೊರಳಿಗೆ ಕಟ್ಟಿದ. ಆಮೇಲೆ ಇಬ್ಬರೂ ಪೆಟ್ಟಿಗೆಯನ್ನು ನೋಡಿದರು. ದೋಣಿಯಲ್ಲಿ ಇಬ್ಬರಾದ ಮೇಲೆ ಪಂದ್ಯ ಮುಗಿದ ಹಾಗೇ ಅಲ್ಲವೇ? ಸಾಹುಕಾರ ಮೊಹರು ಒಡೆದ. ಪಂದ್ಯದವರಿಗೆ ಸುದ್ದಿ ಕೊಟ್ಟು, ಮನೆಗೆ ಫೋನು ಮಾಡಿದ.

"ನಾನು" ಅಂದ. "ಸರಿ ಇಲ್ಲ ಮಾರಾಯ್ತಿ. ಹೆಗಲು ಮುರಿದಿದೆ. ದೋಣಿ ಮುಳುಗ್ತಾ ಇತ್ತು. ಸಾಯ್ತೇನೆ ಅಂತ ಹೆದರಿ ಹೋಗಿದ್ದೆ. ಪಂದ್ಯವೂ ಹೋಯ್ತು. ಈಗ ಜತೆಗೊಬ್ಬ ಇದ್ದಾನೆ, ಜೀವಕ್ಕೇನೂ ಭಯ ಇಲ್ಲ."

ಹೆಂಡತಿ ಅಳುತ್ತಾಳೆ ಅಂದುಕೊಂಡಿದ್ದ. ಅವಳು ದೊಡ್ಡದಾಗಿ ಒಂದು ಉಸಿರು ಬಿಟ್ಟಳು.

"ಅಬ್ಬ! ಇವತ್ತು ನಂಗೆ ನಿದ್ರೆ ಬರ್ತದೆ."

"ಎಂತದು? ಹೆಗಲು ಮುರಿದಿದೆ ಅಂದದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ಅದಕ್ಕೇ ಹೇಳಿದ್ದು. ದಿನಾ ಪಂದ್ಯದವರು ಫೋನ್ ಮಾಡಿ 'ಎಲ್ಲ ಸರಿ ಅಂತೆ' ಅಂತಿದ್ರು. ನಂಗೆ ಅಡಿಯಿಂದ ಮುಡಿಯವರೆಗೆ ನಡುಕ. ನೀವು ಹಾಗೆ ಹೇಳುವಾಗೆಲ್ಲ ಎಂತದೋ ಮುರಿದಿರ್ತದೆ, ಎಂತ ಅಂತ ಮಾತ್ರ ಗೊತ್ತಾಗುದಿಲ್ಲ. ಇವತ್ತು ಗೊತ್ತಾಯ್ತಲ್ಲ, ಹೆಗಲು. ಹೆಗಲಾದ್ರೆ ಸರಿ ಮಾಡ್ಬಹುದು. ಬನ್ನಿ ಮನೆಗೆ."

ಸಾಹುಕಾರ ಫೋನು ಹಿಡಿದುಕೊಂಡೇ ಅತ್ತ. ಅವನ ಹೊಟ್ಟೆಗೆ ಹಾಲು ಹೊಯ್ದ ಹಾಗಾಗಿತ್ತು. ಇಬ್ಬರೂ ಮೆಲ್ಲಗೆ ದಡ ಸೇರಿದರು.

ಪಂದ್ಯ ಯಾರು ಗೆದ್ದರು ಅಂತ ಕೇಳುತ್ತೀರಾ? ಹಿಂದಿನಿಂದ ಬಂದವನೊಬ್ಬ ಗೆದ್ದ. ಅವನದೂ ಎಲ್ಲ ಸರಿ ಇತ್ತು ಅಂತ ನಾನಂತೂ ನಂಬುವುದಿಲ್ಲ.

ನಗಿ, ನಗಿ. ಆದರೆ ಈಗ ನಾನು ನಿಮ್ಮ ಕಡೆಗೆ ತಿರುಗುತ್ತೇನೆ. ಇಲ್ಲಿ ಎಷ್ಟು ಜನ ದೋಣಿಯಲ್ಲಿ ಕೂತಿದ್ದೀರಿ? ಈಗಷ್ಟೇ, ಪ್ರವಚನದ ನಡುವೆ, ಆ ಕಂಬದ ಹತ್ತಿರ ಒಬ್ಬರ ಫೋನು ಹೊಡೆದುಕೊಂಡಿತು. ಎದ್ದು ಹೋಗಿ ಅವರು ಹೇಳಿದ್ದು ನನ್ನ ಕಿವಿಗೂ ಬಿತ್ತು. "ಹಾಂ, ಎಲ್ಲ ಆರಾಮ." ಆರಾಮವಾಗಿದ್ದರೆ ಸಂತೋಷ ಸ್ವಾಮಿ. ಆದರೆ ಆ ಮಾತಿನ ಹಿಂದೆ ಕರ್... ಚಳಕ್ ಅಂತ ಕೇಳುತ್ತಿದೆಯಾ? ಅದು ನಿಮಗೊಬ್ಬರಿಗೇ ಗೊತ್ತು. ಗಂಡ ಹೆಂಡತಿಗೆ ಎಲ್ಲ ಸರಿ ಅನ್ನುತ್ತಾನೆ. ಸೊಸೆ ತವರಿಗೆ ಎಲ್ಲ ಸರಿ ಅನ್ನುತ್ತಾಳೆ. ಅಷ್ಟೇ ಯಾಕೆ, ದೇವರ ಮುಂದೆ ಕಣ್ಣು ಮುಚ್ಚಿ ನಿಂತಾಗಲೂ ನಾವು ಒಳ್ಳೆಯ ಮುಖ ಮಾಡಿಕೊಂಡೇ ನಿಲ್ಲುತ್ತೇವೆ. ಒಳಗಿನ ನೀರು ಅವನಿಗೆ ಕಾಣುವುದಿಲ್ಲವೇ?

ಊರಿಗೆಲ್ಲ ಸಾರಿ ಅಂತ ನಾನು ಹೇಳುತ್ತಿಲ್ಲ. ಒಬ್ಬರಿಗೆ, ಒಂದೇ ಒಬ್ಬರಿಗೆ ಹೇಳಿ. ಇವತ್ತು ಎಲೆಯ ಮುಂದೆ ಕೂತಾಗ, "ಇದೊಂದು ಸರಿ ಇಲ್ಲ" ಅಂತ ಬಾಯಿ ಬಿಟ್ಟು ಹೇಳಿ. ಕೇಳುವವರಿಗೂ ಒಂದು ಮಾತು. ಯಾರಾದರೂ ಹಾಗೆ ಹೇಳಿದರೆ, "ನಾನು ಮೊದಲೇ ಹೇಳಿದ್ದೆ" ಅಂತ ಶುರು ಮಾಡಬೇಡಿ, ದಮ್ಮಯ್ಯ! ಬುದ್ಧಿ ಹೇಳಬೇಡಿ. ಹೆಗಲ ಮೇಲೆ ಕೈಯಿಡಿ, ಸಾಕು. ಆಮೇಲೆ ಬನಿಯನ್ ಹರಿಯಬಹುದು. ಇನ್ನು, ನಿಮ್ಮ ಹೆಗಲ ಮೇಲೆ ಯಾರಾದರೂ ಕೈಯಿಟ್ಟರೆ ದಯವಿಟ್ಟು ಅದನ್ನು ಇಳಿಸಬೇಡಿ.

ಇನ್ನೇನು, ಪ್ರಸಾದ ತೆಗೆದುಕೊಂಡು ಹೊರಗೆ ಹೋಗುತ್ತೀರಿ. ಚಪ್ಪಲಿ ಹುಡುಕುವಾಗ ಪಕ್ಕದವರು "ಹೇಗಿದ್ದೀರಿ?" ಅಂತ ಕೇಳುತ್ತಾರೆ. ಉತ್ತರ ಹೇಳುವ ಮೊದಲು ಒಂದು ಕ್ಷಣ ತಡೆಯಿರಿ.